ಅನುಮಾನದ ದೀಪ

ಕಾಲ್ದವಿಕ್ ಅಂದರೆ ತಣ್ಣನೆಯ ಕೊಲ್ಲಿ.
ಹೆಸರಿಟ್ಟವನು ಸುಳ್ಳು ಹೇಳಿಲ್ಲ.
ನವೆಂಬರಿನಿಂದ ಜನವರಿಯ ಕೊನೆಯವರೆಗೆ
ಸೂರ್ಯ ಗುಡ್ಡ ಹತ್ತುವುದೇ ಇಲ್ಲ,
ಊರಲ್ಲಿ ಬೆಳಕೆಂದರೆ ಕಾರ್ಖಾನೆಯ ಮೇಜುಗಳದ್ದು:
ಹಾಲುಗಾಜಿನ ಕೆಳಗೆ ಟ್ಯೂಬ್‌ಲೈಟು,
ಗಾಜಿನ ಮೇಲೆ ಕಾಡ್ ಮೀನಿನ ಹೋಳು,
ಹೋಳಿನೊಳಗೆ ಹುಳ.

ಹುಡುಕಬೇಕು. ಅದೇ ಕೆಲಸ.
ಹದಿನಾಲ್ಕು ಹೆಂಗಸರು, ಹದಿನಾಲ್ಕು ಚಿಮಟ.
ನಾನು ಸೆಬುವಿನವಳು, ನನ್ನ ಎಡಕ್ಕೆ ಯಾದ್ವಿಗಾ,
ಪೋಲೆಂಡಿನ ಯಾವುದೋ ಸಕ್ಕರೆ ಕಾರ್ಖಾನೆ ಮುಚ್ಚಿದಾಗ ಬಂದವಳು.
ಇಬ್ಬರಿಗೂ ಸರಿಯಾಗಿ ಬಾರದ ಭಾಷೆಯಲ್ಲಿ
ಇಪ್ಪತ್ತು ವರ್ಷ ಮಾತಾಡಿದೆವು,
ಹೆಚ್ಚಾಗಿ ಕತ್ತುನೋವಿನ ಬಗ್ಗೆ.

ಅವಳ ಕಣ್ಣು!
ನಾವು ನೋಡುತ್ತಿದ್ದೆವು; ಅವಳಿಗೆ ಕಾಣುತ್ತಿತ್ತು.
ನೆರಳಿಗೂ ಹುಳಕ್ಕೂ ನಡುವೆ ಇರುವ
ಎಳ್ಳಿನ ಸಿಪ್ಪೆಯಷ್ಟು ವ್ಯತ್ಯಾಸ
ಅವಳ ಚಿಮಟದ ತುದಿಗೆ ಗೊತ್ತಿತ್ತು.
ಹೇಗೆ ಅಂತ ಕೇಳಿದರೆ,
ಹುಳ ಸುರುಳಿ ಸುತ್ತಿ ಮಲಗುತ್ತೆ, ನರ ಮಲಗಲ್ಲ, ಅನ್ನುವಳು.
ಅಷ್ಟೇ. ಹೆಚ್ಚು ಅವಳಿಗೂ ಗೊತ್ತಿರಲಿಲ್ಲ.

ಮಾರ್ಚಿನಲ್ಲಿ ಥೋರ್ಗೆಯಿರ್ ಬಂದ. ಹುಡುಗ, ಸಭ್ಯ,
ಅವನಜ್ಜಿಯೂ ಇದೇ ಮೇಜಿನಲ್ಲಿ ದುಡಿದವಳಂತೆ.
ಪರದೆಯ ಮುಂದೆ ಕುರ್ಚಿ ಹಾಕಿಸಿ
(ಕುರ್ಚಿ! ಇಪ್ಪತ್ತು ವರ್ಷದಲ್ಲಿ ಮೊದಲ ಬಾರಿ)
ಯಾದ್ವಿಗಾಳನ್ನು ಕೂರಿಸಿದ.
ಹುಳವಿದ್ದಲ್ಲಿ ಕೆಂಪು ಚುಕ್ಕಿ ಇಡಿ, ಅಂದ.
ಆರು ವಾರ ಇಟ್ಟಳು. ನಲವತ್ತು ಸಾವಿರ ಚುಕ್ಕಿ.
ಚುಕ್ಕಿ ಅವಳದು, ಗೆರೆ ಎಳೆದದ್ದು ಇನ್ಯಾವುದೋ.
ಕೊನೆಗೆ ಒಂದು ಥರ್ಮಾಸ್ ಕೊಟ್ಟರು, ಕಂಪನಿಯ ಹೆಸರು ಕೆತ್ತಿದ್ದು.
ಅದರಲ್ಲಿ ಚಹಾ ಬಿಸಿಯಾಗೇ ಇರುತ್ತೆ, ನಿಜ.

ಯಂತ್ರ ಬಂದದ್ದು ಆಗಸ್ಟಿನಲ್ಲಿ.
ಹೋಳುಗಳು ಪಟ್ಟಿಯ ಮೇಲೆ ಹರಿಯುತ್ತವೆ, ಮೇಲಿಂದ ಒಂದು ಕಣ್ಣು,
ನೀರಿನ ಮೊನಚು ಕೊಯ್ದು ಬಿಸಾಡುತ್ತದೆ.
ಗೊತ್ತಾಗದಿದ್ದರೆ ಮಾತ್ರ ಹಳದಿ ದೀಪ ಹತ್ತಿ
ಹೋಳು ಬದಿಗೆ ಸರಿದು ಯಾದ್ವಿಗಾಳ ಮುಂದೆ ನಿಲ್ಲುತ್ತದೆ.
ಅವಳು ಹೇಳಬೇಕು: ಹುಳ. ಅಥವಾ: ಅಲ್ಲ.
ಹೇಳಿದ್ದನ್ನು ಅದು ಮರೆಯುವುದಿಲ್ಲ.

ಮೊದಲ ವಾರ ದಿನಕ್ಕೆ ಮುನ್ನೂರು ಸಲ ಹತ್ತಿತು.
ಕ್ರಿಸ್ಮಸ್ಸಿಗೆ ಮೂವತ್ತು.
ನಾಲ್ವರು ಪೆಟ್ಟಿಗೆ ಕಟ್ಟಲು ಹೋದರು,
ಇಬ್ಬರು ವೃದ್ಧಾಶ್ರಮದಲ್ಲಿ ಮುದುಕರಿಗೆ ಸ್ನಾನ ಮಾಡಿಸಲು,
ಆರು ಮಂದಿ ವಿಮಾನ ಹತ್ತಿದರು.
ಪೋಲಿಷ್ ಅಂಗಡಿ ಈಗ ಗುರುವಾರ ಮಾತ್ರ.
ಶಾಲೆಯಲ್ಲಿ ಮೂರನೇ ಕ್ಲಾಸು ನಾಲ್ಕನೆಯದರ ಮಗ್ಗುಲಿಗೆ ಕೂತಿದೆ.
ನನ್ನ ಕತ್ತುನೋವು ಹೋಯಿತು, ಸುಳ್ಳೇಕೆ ಹೇಳಲಿ.
ರಾತ್ರಿ ಪಾಳಿಯಲ್ಲಿ ಹೋಸ್‌ಪೈಪು ಹಿಡಿದು
ಆ ಯಂತ್ರದ ಮೈ ತೊಳೆಯುವವಳು ನಾನೇ,
ಕಣ್ಣಿನ ಗಾಜನ್ನು ಮಾತ್ರ ಮೆತ್ತನೆ ಬಟ್ಟೆಯಿಂದ.

ಈಗ ದೀಪ ದಿನಕ್ಕೆ ಮೂರು ಸಲ. ಕೆಲವು ದಿನ ಇಲ್ಲವೇ ಇಲ್ಲ.
ಯಾದ್ವಿಗಾ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿರುತ್ತಾಳೆ,
ಹುಳಕ್ಕಲ್ಲ, ಯಂತ್ರದ ಅನುಮಾನಕ್ಕೆ.
ಅದು ತಡವರಿಸುವಷ್ಟು ದಿನ ಇವಳಿಗೆ ಸಂಬಳ.

ನಿನ್ನೆ ಪಾಳಿ ಬದಲಾಗುವ ಹೊತ್ತಿಗೆ ಹತ್ತಿತು.
ನಾನು ಬೂಟು ಏರಿಸುತ್ತಿದ್ದೆ. ಇಬ್ಬರೂ ಬಗ್ಗಿದೆವು.
ಹೋಳಿನ ನಡುವೆ ಕಂದು ಎಳೆ,
ಸುರುಳಿಯೂ ಅಲ್ಲ, ನೇರವೂ ಅಲ್ಲ.
ನರ, ಅಂದೆ. ನನ್ನನ್ನು ಕೇಳಿದವರು ಯಾರು?
ಅವಳು ಎತ್ತಿ ಬೆಳಕಿಗೆ ಹಿಡಿದಳು,
ತಿರುಗಿಸಿದಳು, ಮತ್ತೆ ಹಿಡಿದಳು.
ಮೊದಲಾದರೆ ಇಷ್ಟು ಹೊತ್ತಲ್ಲಿ ಹತ್ತು ಮೀನು ಮುಗಿಸುತ್ತಿದ್ದಳು.
ಉತ್ತರ ಬರದೆ ಅಂದಿನ ಲೆಕ್ಕ ಮುಚ್ಚುವಂತಿಲ್ಲ,
ಅಷ್ಟು ದೊಡ್ಡ ಯಂತ್ರ ಸುಮ್ಮನೆ ಕಾಯುತ್ತಿತ್ತು.
ಗೊತ್ತಾಗಲಿಲ್ಲವೋ,
ಗೊತ್ತಾಗಿಯೂ ಹೇಳಲೊಲ್ಲಳೋ.
ಕೆಳಗಿನಿಂದ ಹಾಲುಬೆಳಕು, ಪಕ್ಕದಿಂದ ಹಳದಿ,
ಅವಳ ಬೆರಳುಗಳ ಎಲುಬು ಕೂಡ ಕಾಣುವಂತಿತ್ತು.

"ಲಿವಾಯ್," ಅಂದಳು, ಹೋಳಿನಿಂದ ಕಣ್ಣು ತೆಗೆಯದೆ,
"ಹೊರಗೆ ಹಿಮ ಬೀಳುತ್ತಿದೆಯಾ?"
ಬೀಳುತ್ತಿತ್ತು. ಹೇಳಿದೆ.
"ಹಾಗಾದರೆ ಅವಸರವಿಲ್ಲ."

ದೀಪ ಹತ್ತಿಯೇ ಇತ್ತು.